ಪಾಪಪರಿಹಾರದ ಮರ್ಮವನ್ನರಸಿದ ಸಂತ ಅನ್ಸೆಲ್ಮ್

ಪ್ರತಿ ವರ್ಷ ಏಪ್ರಿಲ್ 21ರಂದು ಧರ್ಮಸಭೆಯು ಸಂತ ಅನ್ಸೆಲ್ಮರನ್ನು ಸ್ಮರಿಸುತ್ತದೆ. ಪಾಸ್ಖ ಹಬ್ಬದ ಆಸುಪಾಸಿನಲ್ಲಿಯೇ ಬರುವ ಈ ದಿನ ಹೆಚ್ಚಿನವರ ಗಮನಕ್ಕೆ ಬಾರದೆ ಕಳೆದುಹೋಗುತ್ತದೆ. ಸಂತ ಅಂತೋಣಿಯವರಿಗೆ ಮೊಂಬತ್ತಿ ಹಚ್ಚುವ, ಸಂತ ಸೆಬೆಸ್ತಿಯಾನರಿಗೆ ಹರಕೆ ಹೊರುವ ನಮ್ಮ ಮನೆಗಳಲ್ಲಿ ಅನ್ಸೆಲ್ಮರ ಹೆಸರು ಹಿಡಿದು ಪ್ರಾರ್ಥಿಸುವವರು ವಿರಳ. ಆದರೂ ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆಯ ಹಾದಿಯಲ್ಲಿ ಮಂಡಿಯೂರುವ ಪ್ರತಿಯೊಬ್ಬರ ಮನದಲ್ಲೂ ಎಂದಾದರೊಂದು ದಿನ ಸುಳಿದುಹೋಗುವ ಪ್ರಶ್ನೆಯೊಂದನ್ನು, ಒಂಬತ್ತು ಶತಮಾನಗಳ ಹಿಂದೆ, ಯಾವ ಅಳುಕೂ ಇಲ್ಲದೆ ಎದುರಿಸಿದವರು ಇವರೇ.

ಪ್ರಶ್ನೆ ಸರಳವಾದುದು. ದೇವರು ಸರ್ವಶಕ್ತರು, ದಯಾಮಯರು. ಒಂದೇ ಮಾತಿನಿಂದ ಲೋಕವನ್ನು ಸೃಷ್ಟಿಸಿದವರು ಒಂದೇ ಮಾತಿನಿಂದ ಪಾಪವನ್ನು ಕ್ಷಮಿಸಬಾರದಿತ್ತೇ? ಅದಕ್ಕೆ ತಮ್ಮ ಏಕಮಾತ್ರ ಪುತ್ರನ ಮರಣವೇ ಬೇಕಾಯಿತೇ? ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಇದನ್ನು ಹಿಂದುಮುಂದು ನೋಡದೆ ಕೇಳಿಬಿಡುತ್ತಾರೆ. ದೊಡ್ಡವರು ಬಾಯಿ ಬಿಟ್ಟು ಕೇಳುವುದಿಲ್ಲ, ಅಷ್ಟೆ. ನಮ್ಮಲ್ಲಿ ಅನೇಕರು ಕೊಡುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ದೇವರಿಗೆ ಕೋಪ ಬಂದಿತ್ತು, ಯಾರನ್ನಾದರೂ ಶಿಕ್ಷಿಸಲೇಬೇಕಾಗಿತ್ತು, ನಮಗೆ ಬೀಳಬೇಕಾಗಿದ್ದ ಏಟು ಯೇಸುಸ್ವಾಮಿಯವರಿಗೆ ಬಿತ್ತು ಎಂದು. ಕೇಳಲು ಭಕ್ತಿಯ ಮಾತಿನಂತಿರುವ ಈ ಉತ್ತರವು ಸ್ವರ್ಗದ ತಂದೆಯನ್ನು ಒಬ್ಬ ಕ್ರೂರ ತಂದೆಯನ್ನಾಗಿ ಮಾಡಿಬಿಡುತ್ತದೆ ಎಂಬುದನ್ನು ನಾವು ಯೋಚಿಸುವುದಿಲ್ಲ. ಇನ್ನೂ ವಿಚಿತ್ರವೆಂದರೆ ಕೆಲವು ಪುಸ್ತಕಗಳಲ್ಲಿ ಈ ಉತ್ತರವನ್ನು ಅನ್ಸೆಲ್ಮರ ತಲೆಗೇ ಕಟ್ಟಲಾಗಿದೆ. ಅವರು ನಿಜವಾಗಿ ಏನು ಹೇಳಿದರೆಂಬುದನ್ನು ಅರಿಯಬೇಕಾದರೆ ಅವರ ಬಾಳನ್ನೂ ಜೊತೆಯಲ್ಲಿಯೇ ನೋಡಬೇಕು.

ಇಂದಿನ ಇಟಲಿಯ ವಾಯವ್ಯ ತುದಿಯಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ, ಆವೊಸ್ತಾ ಎಂಬ ಪಟ್ಟಣವಿದೆ. 1033ರ ಸುಮಾರಿಗೆ ಅಲ್ಲಿನ ಒಂದು ಕುಲೀನ ಮನೆತನದಲ್ಲಿ ಅನ್ಸೆಲ್ಮ್ ಹುಟ್ಟಿದರು. ತಂದೆ ಗುಂಡುಲ್ಫ್ ಕೈಬಿಚ್ಚಿ ಖರ್ಚು ಮಾಡುವ, ಲೋಕದ ಸುಖಗಳಲ್ಲಿ ಮುಳುಗಿದ್ದ ಮನುಷ್ಯ. ತಾಯಿ ಎರ್ಮೆನ್‌ಬರ್ಗಾ ಮನೆಯನ್ನು ತೂಗಿಸಿಕೊಂಡು ಹೋಗುತ್ತಿದ್ದ ದೈವಭಕ್ತೆ. ದೇವರು ಮೇಲೆ ಸ್ವರ್ಗದಲ್ಲಿದ್ದಾರೆಂದು ತಾಯಿ ಹೇಳಿದ್ದನ್ನು ಕೇಳಿದ ಬಾಲಕ, ಸ್ವರ್ಗವು ತಮ್ಮೂರ ಬೆಟ್ಟಗಳ ಮೇಲೆಯೇ ಊರಿಕೊಂಡಿದೆ ಎಂದು ತಿಳಿದಿದ್ದನಂತೆ. ಒಂದು ರಾತ್ರಿ ಅವನಿಗೆ ಕನಸು ಬಿತ್ತು. ಬೆಟ್ಟದ ತುದಿಯಲ್ಲಿರುವ ಮಹಾರಾಜರ ಆಸ್ಥಾನಕ್ಕೆ ಹೋಗೆಂದು ಅಪ್ಪಣೆಯಾದಂತೆ. ದಾರಿಯಲ್ಲಿ ರಾಜರ ಸೇವಕಿಯರು ಪೈರು ಕೊಯ್ಯುತ್ತಿದ್ದರು. ಕೆಲಸದಲ್ಲಿ ತೀರ ಉದಾಸೀನ. ಇವರ ಮೇಲೆ ಒಡೆಯರಿಗೆ ದೂರು ಹೇಳಬೇಕೆಂದುಕೊಂಡೇ ಬಾಲಕ ಬೆಟ್ಟ ಹತ್ತಿದ. ಮೇಲೆ ಆಸ್ಥಾನದಲ್ಲಿ ರಾಜರೂ ಅವರ ಮನೆವಾರ್ತೆ ನೋಡುವವನೂ ಹೊರತು ಬೇರಾರೂ ಇರಲಿಲ್ಲ. ಉಳಿದವರೆಲ್ಲ ಸುಗ್ಗಿಗೆ ಹೋಗಿದ್ದರು. ರಾಜರು ಹತ್ತಿರ ಕರೆದು, ಯಾರು, ಎಲ್ಲಿಂದ ಬಂದೆ ಎಂದು ಅಕ್ಕರೆಯಿಂದ ವಿಚಾರಿಸಿ, ಬೆಳ್ಳಗಿನ ರೊಟ್ಟಿಯನ್ನು ತರಿಸಿ ತಿನ್ನಲು ಕೊಟ್ಟರು. ತಾನು ಸ್ವರ್ಗಕ್ಕೆ ಹೋಗಿ ರೊಟ್ಟಿ ತಿಂದು ಬಂದೆನೆಂದು ಮರುದಿನ ಬಾಲಕ ಎಲ್ಲರಿಗೂ ಹೇಳಿಕೊಂಡು ತಿರುಗಿದ. ದೂರಿನ ಮಾತು ಏನಾಯಿತೋ, ಕಥೆಯಲ್ಲಿ ಅದು ಮತ್ತೆ ಬರುವುದಿಲ್ಲ.

ಹದಿನೈದರ ಹರೆಯದಲ್ಲಿ ಮಠ ಸೇರುವ ಆಸೆ ಹುಟ್ಟಿತು. ಗುಂಡುಲ್ಫ್‌ನ ಕೋಪಕ್ಕೆ ಹೆದರಿ ಮಠಾಧಿಪತಿ ಒಪ್ಪಲಿಲ್ಲ. ಮುಂದೆ ತಾಯಿ ತೀರಿಕೊಂಡರು. ಆ ಮೇಲೆ ಯುವಕನ ಮನಸ್ಸು ಲಂಗರು ಕಿತ್ತ ಹಡಗಿನಂತೆ ಅಲೆಯತೊಡಗಿತು. ತಂದೆಗೂ ಮಗನಿಗೂ ಸರಿಹೋಗಲಿಲ್ಲ. ಮಗ ತಗ್ಗಿ ನಡೆದಷ್ಟೂ ತಂದೆಯ ಸಿಟ್ಟು ಏರುತ್ತಿತ್ತು. ಕಡೆಗೆ ಮನೆಯನ್ನೂ ನಾಡನ್ನೂ ಬಿಟ್ಟು, ಒಬ್ಬ ಸೇವಕನನ್ನೂ ಒಂದು ಕತ್ತೆಯನ್ನೂ ಕರೆದುಕೊಂಡು ಅನ್ಸೆಲ್ಮ್ ಮೊಂ ಸೆನಿ ಕಣಿವೆಯ ದಾರಿ ಹಿಡಿದರು. ಪರ್ವತ ದಾಟುವಾಗ ಶಕ್ತಿ ಉಡುಗಿತು. ಹಸಿವು ತಾಳಲಾರದೆ ಮಂಜನ್ನೇ ಬಾಯಿಗೆ ಹಾಕಿಕೊಂಡು ಅಗಿದರು. ಇನ್ನೇನೂ ಉಳಿದಿಲ್ಲವೆಂದುಕೊಂಡಿದ್ದ ಕತ್ತೆಯ ಹೇರಿನಲ್ಲಿ ಸೇವಕ ಕೈಯಾಡಿಸಿದಾಗ ಬೆಳ್ಳಗಿನ ರೊಟ್ಟಿಯೊಂದು ಸಿಕ್ಕಿತು. ಅದನ್ನು ತಿಂದು ಚೇತರಿಸಿಕೊಂಡು ಮುಂದೆ ನಡೆದರು. ತಂದೆಯ ಮನೆ ಬಿಟ್ಟು ಬಂದ ಈ ಮಗನೇ ಮುಂದೆ, ತಂದೆಯಿಂದ ದೂರವಾದ ಮನುಕುಲವು ತಿರುಗಿ ಮನೆ ಸೇರುವುದು ಹೇಗೆಂಬುದನ್ನು ಕುರಿತು ಬರೆದದ್ದು. ಗುಂಡುಲ್ಫ್ ಕೂಡ ಬಾಳಿನ ಕೊನೆಯಲ್ಲಿ ಲೋಕವನ್ನು ತೊರೆದು ಸನ್ಯಾಸಿಯಾಗಿ ಕಣ್ಣು ಮುಚ್ಚಿದನೆಂದು ಚರಿತ್ರೆಕಾರರು ದಾಖಲಿಸಿದ್ದಾರೆ.

ಮೂರು ವರ್ಷಗಳ ಅಲೆದಾಟದ ಬಳಿಕ 1059ರಲ್ಲಿ ಅನ್ಸೆಲ್ಮ್ ನಾರ್ಮಂಡಿಯ ಬೆಕ್ ಎಂಬಲ್ಲಿಗೆ ಬಂದರು. ಹೆರ್ಲುಯಿನ್ ಎಂಬ ಯೋಧನೊಬ್ಬ ಕತ್ತಿಯನ್ನು ಕೆಳಗಿಟ್ಟು ಸ್ಥಾಪಿಸಿದ್ದ ಬೆನೆದಿಕ್ತ ಸನ್ಯಾಸಿಗಳ ಬಡಮಠ ಅದು. ಲಾನ್‌ಫ್ರಾಂಕ್ ಎಂಬ ಮಹಾವಿದ್ವಾಂಸರು ಅಲ್ಲಿದ್ದ ಕಾರಣ ಯುರೋಪಿನ ಮೂಲೆಮೂಲೆಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. 1060ರಲ್ಲಿ, ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಅನ್ಸೆಲ್ಮ್ ಅಲ್ಲಿಯೇ ಸನ್ಯಾಸ ಸ್ವೀಕರಿಸಿದರು. 1063ರಲ್ಲಿ ಲಾನ್‌ಫ್ರಾಂಕ್ ಬೇರೆ ಮಠಕ್ಕೆ ಹೋದಾಗ ಉಪಾಧಿಪತಿಯಾದರು; 1078ರಲ್ಲಿ ಹೆರ್ಲುಯಿನ್ ತೀರಿಕೊಂಡಾಗ ಮಠಾಧಿಪತಿ.

ಕಿರಿಯರೊಬ್ಬರಿಗೆ ಈ ಪದವಿ ಸಿಕ್ಕಿತೆಂದು ಮಠದಲ್ಲಿ ಕೆಲವರಿಗೆ ಅಸಮಾಧಾನವಿತ್ತು. ಓಸ್ಬರ್ನ್ ಎಂಬ ಎಳೆಯ ಸನ್ಯಾಸಿಯಂತೂ ಬಹಿರಂಗವಾಗಿಯೇ ದ್ವೇಷ ಕಾರುತ್ತಿದ್ದ. ಅನ್ಸೆಲ್ಮ್ ಅವನನ್ನು ದಂಡಿಸಲಿಲ್ಲ. ಮೊದಲು ಅವನ ತುಂಟತನಗಳನ್ನು ಸಹಿಸಿಕೊಂಡರು, ಸಣ್ಣಪುಟ್ಟ ಆಸೆಗಳನ್ನು ನಡೆಸಿಕೊಟ್ಟರು. ಹುಡುಗನ ಮನಸ್ಸು ತಮ್ಮತ್ತ ತಿರುಗಿದ ಮೇಲೆ ಸ್ವಲ್ಪಸ್ವಲ್ಪವಾಗಿ ಬಿಗಿ ಮಾಡುತ್ತ ಬಂದು ಅವನನ್ನು ಒಳ್ಳೆಯ ಸನ್ಯಾಸಿಯಾಗಿ ರೂಪಿಸಿದರು. ಅಷ್ಟರಲ್ಲಿ ಓಸ್ಬರ್ನ್ ಕಾಯಿಲೆ ಬಿದ್ದ. ಹಗಲಿರುಳು ಹಾಸಿಗೆಯ ಬಳಿ ಕುಳಿತು ಅನ್ನಪಾನಗಳನ್ನು ತಮ್ಮ ಕೈಯಾರೆ ಕೊಟ್ಟರು. ಅವನು ಸತ್ತ ಮೇಲೆ ಒಂದು ವರ್ಷವಿಡೀ ಪ್ರತಿದಿನವೂ ಅವನ ಆತ್ಮಕ್ಕಾಗಿ ಬಲಿಪೂಜೆ ಅರ್ಪಿಸಿದರು. ಬಲಿಪೂಜೆಗೆ ನಿಲ್ಲಲಾಗದ ದಿನ ಇನ್ನೊಬ್ಬರನ್ನು ಕೇಳಿಕೊಂಡು, ಅವರ ಪರವಾಗಿ ತಾವು ಬೇರೆ ದಿನ ಅರ್ಪಿಸಿ ಆ ಋಣ ತೀರಿಸುತ್ತಿದ್ದರು.

ಇನ್ನೊಂದು ಪ್ರಸಂಗವೂ ಆ ಕಾಲದ್ದೇ. ಬೇರೊಂದು ಮಠದ ಅಧಿಪತಿಯೊಬ್ಬರು ಬಂದು, ತಮ್ಮ ಮಠದಲ್ಲಿ ಬೆಳೆಯುತ್ತಿರುವ ಹುಡುಗರನ್ನು ಎಷ್ಟು ಹೊಡೆದರೂ ಅವರು ಕೆಡುತ್ತಲೇ ಹೋಗುತ್ತಿದ್ದಾರೆಂದು ಗೋಳಾಡಿದರು. ಒಂದು ಸಸಿಯನ್ನು ನೆಟ್ಟು, ಅದರ ಕೊಂಬೆಗಳು ಎತ್ತಲೂ ಚಾಚದಂತೆ ಸುತ್ತಲೂ ಬಿಗಿಯಾಗಿ ಮುಚ್ಚಿಟ್ಟರೆ, ವರ್ಷಗಳ ನಂತರ ಸಿಗುವುದು ಎಂಥ ಮರವೆಂದು ಅನ್ಸೆಲ್ಮ್ ಕೇಳಿದರು. ಡೊಂಕು ಕೊಂಬೆಗಳ, ನಿರುಪಯುಕ್ತ ಮರವೆಂದು ಆತ ಒಪ್ಪಿಕೊಂಡರು. ಅಕ್ಕಸಾಲಿಗನು ಚಿನ್ನದ ತಗಡನ್ನು ಬರಿಯ ಪೆಟ್ಟಿನಿಂದಲೇ ಮೂರ್ತಿಯಾಗಿಸುವುದಿಲ್ಲ, ಒಮ್ಮೆ ಮೆಲ್ಲಗೆ ಬಡಿದು ಇನ್ನೊಮ್ಮೆ ನಯವಾಗಿ ಒತ್ತಿ ಎತ್ತಿ ಆಕಾರ ಕೊಡುತ್ತಾನೆ ಎಂದು ಅನ್ಸೆಲ್ಮ್ ತಿಳಿಯಹೇಳಿದರಂತೆ. ಸಾವಿರ ವರ್ಷಗಳ ಹಿಂದೆ ಮಕ್ಕಳನ್ನು ಕುರಿತು ಹೀಗೆ ಯೋಚಿಸಿದವರು ಕಡಿಮೆ. ಈಗಲೂ ಬೆತ್ತವನ್ನೇ ನಂಬಿದ ಹಿರಿಯರು ನಮ್ಮಲ್ಲಿ ಇಲ್ಲದಿಲ್ಲ. ಶಿಕ್ಷೆ ಬೇರೆ, ಕೆಟ್ಟುದನ್ನು ಸರಿಪಡಿಸುವುದು ಬೇರೆ ಎಂಬ ತಿಳಿವಳಿಕೆ ಅನ್ಸೆಲ್ಮರಿಗೆ ಗ್ರಂಥ ಬರೆಯುವ ಮೊದಲೇ ಮಠದ ಹುಡುಗರ ನಡುವೆ ಮೂಡಿತ್ತು.

ಇವೆಲ್ಲ ನಮಗೆ ತಿಳಿದಿರುವುದು ಏಡ್ಮರ್ ಎಂಬ ಇಂಗ್ಲಿಷ್ ಸನ್ಯಾಸಿಯಿಂದ. ಅನ್ಸೆಲ್ಮರ ಜೊತೆಯಲ್ಲಿಯೇ ಇದ್ದ ಆತ ಗುಟ್ಟಾಗಿ ಅವರ ಚರಿತ್ರೆಯನ್ನು ಬರೆಯುತ್ತಿದ್ದರು. ವಿಷಯ ತಿಳಿದ ಅನ್ಸೆಲ್ಮ್ ಎಲ್ಲ ಹಾಳೆಗಳನ್ನೂ ನಾಶಮಾಡೆಂದು ಅಪ್ಪಣೆ ಕೊಟ್ಟರು. ಏಡ್ಮರ್ ನಾಶಮಾಡಿದರು. ಆದರೆ ಅದಕ್ಕೆ ಮುನ್ನ ಬೇರೆ ಹಾಳೆಗಳಿಗೆ ನಕಲು ಮಾಡಿಕೊಂಡಿದ್ದರು! ಈ ಅವಿಧೇಯತೆಗಾಗಿ ತಮಗೋಸ್ಕರ ಪ್ರಾರ್ಥಿಸಬೇಕೆಂದು ಓದುಗರನ್ನು ಬೇಡಿಕೊಂಡಿದ್ದಾರೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಲಾನ್‌ಫ್ರಾಂಕ್ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದರು. 1089ರಲ್ಲಿ ಅವರು ತೀರಿಕೊಂಡಾಗ ದೊರೆ ಎರಡನೆಯ ವಿಲಿಯಂ, ಅಂದರೆ ವಿಲಿಯಂ ರೂಫಸ್, ಆ ಪೀಠವನ್ನು ನಾಲ್ಕು ವರ್ಷ ಖಾಲಿ ಬಿಟ್ಟು ಅದರ ಆದಾಯವನ್ನೆಲ್ಲ ತನ್ನ ಬೊಕ್ಕಸಕ್ಕೆ ಸೇರಿಸಿಕೊಂಡ. 1093ರ ತಪಸ್ಸುಕಾಲದಲ್ಲಿ ಗ್ಲೌಸ್ಟರ್ ಪಟ್ಟಣದಲ್ಲಿ ಅವನಿಗೆ ಪ್ರಾಣಾಂತಿಕ ಕಾಯಿಲೆಯಾಯಿತು. ಮಠದ ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದಿದ್ದ ಅನ್ಸೆಲ್ಮರನ್ನು ಹಾಸಿಗೆಯ ಬಳಿಗೆ ಕರೆಸಿದರು. ದೊರೆಯು ಪಾಪನಿವೇದನೆ ಮಾಡಿ ಅತ್ತ. ಸೆರೆಯಾಳುಗಳನ್ನು ಬಿಡುವುದಾಗಿಯೂ ಸಾಲಗಳನ್ನು ಮನ್ನಾ ಮಾಡುವುದಾಗಿಯೂ ಪ್ರಜೆಗಳಿಗೆ ನ್ಯಾಯವಾದ ಕಾನೂನು ಕೊಡುವುದಾಗಿಯೂ ಮಾತು ಕೊಟ್ಟ. ರಾಜಮುದ್ರೆಯೊತ್ತಿದ ಶಾಸನವೂ ಹೊರಟಿತು. ಕ್ಯಾಂಟರ್ಬರಿಯ ಪೀಠಕ್ಕೆ ಅನ್ಸೆಲ್ಮರನ್ನೇ ಹೆಸರಿಸಿದ.

ಅರವತ್ತರ ಅಂಚಿನಲ್ಲಿದ್ದ ಅನ್ಸೆಲ್ಮ್ ಬೆಚ್ಚಿಬಿದ್ದರು. ಬೇಡವೆಂದು ಅಂಗಲಾಚಿದರು. ಧರ್ಮಾಧ್ಯಕ್ಷರು ಅವರನ್ನು ರಾಜನ ಮಂಚದ ಬಳಿಗೆ ಎಳೆದು ತಂದು, ಬಿಗಿಹಿಡಿದ ಮುಷ್ಟಿಯನ್ನು ಬಿಡಿಸಿ ಧರ್ಮದಂಡವನ್ನು ಇಡಲು ನೋಡಿದರು. ಬೆರಳುಗಳು ನೋಯುವಂತಾಯಿತೇ ಹೊರತು ಮುಷ್ಟಿ ಪೂರ್ತಿ ಬಿಡಲಿಲ್ಲ. ಮುಚ್ಚಿದ ಮುಷ್ಟಿಗೇ ದಂಡವನ್ನು ಒತ್ತಿಹಿಡಿದು, ಅವರನ್ನು ಎತ್ತಿಕೊಂಡೇ ದೇವಾಲಯಕ್ಕೆ ಹೊತ್ತೊಯ್ದು ಸ್ತೋತ್ರ ಹಾಡಿದರು. ಪಳಗದ ಗೂಳಿಯನ್ನೂ ಬಡಕಲು ಮುದಿ ಕುರಿಯನ್ನೂ ಒಂದೇ ನೊಗಕ್ಕೆ ಕಟ್ಟುತ್ತಿದ್ದೀರಿ ಎಂದು ಅನ್ಸೆಲ್ಮ್ ಅವರಿಗೆ ಎಚ್ಚರಿಕೆ ಕೊಟ್ಟರು.

ಗೂಳಿ ಗುಣವಾಯಿತು. ಗುಣವಾದೊಡನೆ ಹಾಸಿಗೆಯ ಮೇಲೆ ಕೊಟ್ಟ ಮಾತುಗಳೆಲ್ಲ ಮರೆತುಹೋದವು. ಬಿಡುಗಡೆಯಾಗಿದ್ದ ಸೆರೆಯಾಳುಗಳನ್ನು ಮತ್ತೆ ಹಿಡಿದು ತಂದರು. ಮನ್ನಾ ಆಗಿದ್ದ ಸಾಲಗಳನ್ನು ಮತ್ತೆ ವಸೂಲು ಮಾಡಿದರು. ಅದೇ ವರ್ಷ ಡಿಸೆಂಬರ್ 4ರಂದು ಅಭಿಷಿಕ್ತರಾದ ಅನ್ಸೆಲ್ಮ್ ದೊರೆಯ ಯುದ್ಧದ ಖರ್ಚಿಗೆಂದು 500 ಪೌಂಡು ಕಾಣಿಕೆ ಕೊಡಲು ಹೋದಾಗ, ಅದು ಸಾಲದೆಂದು ದೊರೆ ತಿರಸ್ಕರಿಸಿದ. ಹೆಚ್ಚಿಸಿ ಕೊಟ್ಟರೆ ಅದು ಪೀಠಕ್ಕೆ ಕೊಟ್ಟ ಬೆಲೆಯಂತಾಗುತ್ತದೆ, ಹೊರೆ ಬೀಳುವುದು ಮಠದ ಒಕ್ಕಲುಗಳ ಮೇಲೆ ಎಂದು ಅನ್ಸೆಲ್ಮ್ ಆ ಹಣವನ್ನು ಬಡವರಿಗೆ ಹಂಚಿಬಿಟ್ಟರು. ಪಶ್ಚಾತ್ತಾಪದ ಕಣ್ಣೀರು ಒಂದು, ಪರಿಹಾರವೇ ಇನ್ನೊಂದು ಎಂಬುದಕ್ಕೆ ರೂಫಸ್‌ಗಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಪಾಪನಿವೇದನೆಯ ಪೀಠದಿಂದೆದ್ದು ಗುರುಗಳು ಹೇಳಿದ ಮೂರು ನಮೋ ಮರಿಯಾ ಮುಗಿಸಿದೊಡನೆ ಲೆಕ್ಕ ಚುಕ್ತವಾಯಿತೆಂದು ಭಾವಿಸುವುದುಂಟು. ನೆರೆಯವನ ಗಡಿಕಲ್ಲು ಮಾತ್ರ ಸರಿಸಿದ ಜಾಗದಲ್ಲೇ ಇರುತ್ತದೆ. ಕದ್ದುದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಪಾಪವಿಮೋಚನೆಯು ಪಾಪವನ್ನು ತೆಗೆದರೂ ಅದು ಉಂಟುಮಾಡಿದ ಹಾನಿಯನ್ನೆಲ್ಲ ತಾನಾಗಿ ಸರಿಪಡಿಸುವುದಿಲ್ಲ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ.

ರಾಜನೊಂದಿಗೆ ತಿಕ್ಕಾಟ ನಾಲ್ಕು ವರ್ಷ ನಡೆಯಿತು. ಜಗದ್ಗುರು ಎರಡನೆಯ ಅರ್ಬನರನ್ನು ಕಾಣಲು ರೋಮಿಗೆ ಹೋಗುತ್ತೇನೆಂದು ಅನ್ಸೆಲ್ಮ್ ಹಟ ಹಿಡಿದರು. ಹೋದರೆ ಪೀಠದ ಆಸ್ತಿಯೆಲ್ಲ ತನ್ನದೆಂದು ದೊರೆ ಗುಡುಗಿದ. 1097ರಲ್ಲಿ ಅನ್ಸೆಲ್ಮ್ ಹೊರಟೇಬಿಟ್ಟರು. ಡೋವರ್ ಬಂದರಿನಲ್ಲಿ, ಜನ ನೋಡುತ್ತಿರುವಂತೆಯೇ, ರಾಜನ ದೂತನು ಮಹಾಧರ್ಮಾಧ್ಯಕ್ಷರ ಗಂಟುಮೂಟೆಗಳನ್ನು ಬಿಚ್ಚಿಸಿ ಹಣಕ್ಕಾಗಿ ಜಾಲಾಡಿದ. ಏನೂ ಸಿಗಲಿಲ್ಲ.

1098ರ ಬೇಸಗೆಯಲ್ಲಿ ರೋಮಿನ ಸೆಕೆ ತಾಳಲಾರದೆ, ಹಿಂದೆ ಬೆಕ್ ಮಠದಲ್ಲಿದ್ದ ಶಿಷ್ಯರೊಬ್ಬರ ಆಹ್ವಾನದ ಮೇರೆಗೆ, ಅನ್ಸೆಲ್ಮ್ ದಕ್ಷಿಣ ಇಟಲಿಯ ಕಾಪುವಾ ಬಳಿಯ ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಬೀಡುಬಿಟ್ಟರು. ಇಂದು ಲಿಬೆರಿ ಎಂದು ಕರೆಯುವ ಊರು ಅದು. ಬೆಟ್ಟದ ತಂಪು ಗಾಳಿಯಲ್ಲಿ, ಪದವಿಯ ಜಂಜಾಟವಿಲ್ಲದೆ, ಮತ್ತೆ ಸನ್ಯಾಸಿಯಾದೆನೆಂಬ ಹಿಗ್ಗಿನಲ್ಲಿ, ಇಂಗ್ಲೆಂಡಿನಲ್ಲಿ ತೊಡಗಿದ್ದ ಗ್ರಂಥವನ್ನು ಅಲ್ಲಿ ಮುಗಿಸಿದರು. ಅದರ ಹೆಸರು ಲತೀನಿನಲ್ಲಿ ‘ಕೂರ್ ದೇಯುಸ್ ಹೋಮೊ’. ದೇವರು ಮನುಷ್ಯರಾದುದೇಕೆ ಎಂದು ಅರ್ಥ. ಎರಡು ಭಾಗಗಳ ಈ ಪುಸ್ತಕವು ಬೋಸೊ ಎಂಬ ಶಿಷ್ಯನೊಡನೆ ನಡೆಸುವ ಸಂವಾದ. ನಂಬದವರ ಪರವಾಗಿ ಪ್ರಶ್ನೆ ಕೇಳುವ ಬೋಸೊ ಸುಲಭಕ್ಕೆ ತಲೆದೂಗುವವನಲ್ಲ.

ಅನ್ಸೆಲ್ಮರಿಗಿಂತ ಮುಂಚೆ ಬಹುಕಾಲ ಒಂದು ವಿವರಣೆ ಪ್ರಚಾರದಲ್ಲಿತ್ತು. ಪಾಪ ಮಾಡಿದ ಮನುಷ್ಯನು ಸೈತಾನನ ಸೊತ್ತಾದ. ಕ್ರಿಸ್ತರ ಪ್ರಾಣವನ್ನು ಸೈತಾನನಿಗೆ ಈಡಾಗಿ ಕೊಟ್ಟು ದೇವರು ಮನುಷ್ಯನನ್ನು ಬಿಡಿಸಿಕೊಂಡರು ಎಂದು. ಅನ್ಸೆಲ್ಮ್ ಇದನ್ನು ನೇರವಾಗಿ ತಳ್ಳಿಹಾಕಿದರು. ಒಡೆಯನ ಮನೆಯಿಂದ ಇನ್ನೊಬ್ಬ ಆಳನ್ನು ಪುಸಲಾಯಿಸಿ ಕದ್ದೊಯ್ದ ಕಳ್ಳ ಆಳಿಗೆ ಯಾವ ಹಕ್ಕು? ಅವನಿಗೆ ಕೊಡಬೇಕಾದ ಬಾಕಿಯೇನೂ ಇಲ್ಲ. ಸಾಲ ಇರುವುದು ದೇವರಿಗೆ.

ಯಾವ ಸಾಲ? ಸೃಷ್ಟಿಯಾದ ಪ್ರತಿ ಮನಸ್ಸೂ ದೇವರ ಚಿತ್ತಕ್ಕೆ ಹೊಂದಿ ನಡೆಯುವುದೇ ಆ ಸಾಲ. ಅದನ್ನು ಸಲ್ಲಿಸದಿರುವುದೇ ಪಾಪ. ಇದರಿಂದ ದೇವರಿಗೇನೂ ಕಡಿಮೆಯಾಗುವುದಿಲ್ಲ; ಅವರ ಘನತೆಗೆ ಏರಿಳಿತವಿಲ್ಲ. ಕೆಡುವುದು ಸೃಷ್ಟಿಯ ಕ್ರಮ ಮತ್ತು ಸೌಂದರ್ಯ, ಹಾಳಾಗುವುದು ಮನುಷ್ಯ. ಹಾಗಾದರೆ ದೇವರು ಸುಮ್ಮನೆ ಕ್ಷಮಿಸಬಾರದೇಕೆ? ಅನ್ಸೆಲ್ಮರು ಕೊಡುವ ಉಪಮೆ ಮುತ್ತಿನದು. ಶ್ರೀಮಂತನ ಕೈಯಲ್ಲಿದ್ದ ಮುತ್ತೊಂದು ಕೆಸರಿಗೆ ಬಿತ್ತು. ಅದನ್ನು ಎತ್ತಿ, ತೊಳೆಯದೆ, ಕೆಸರು ಮೆತ್ತಿಕೊಂಡಂತೆಯೇ ತನ್ನ ಶುಭ್ರವಾದ ಭರಣಿಯಲ್ಲಿ ಇಟ್ಟುಕೊಳ್ಳುವುದು ಜಾಣತನವೇ? ಬರಿಯ ಮನ್ನಾ ಎಂಬುದು ಕೆಸರನ್ನು ಹಾಗೆಯೇ ಉಳಿಸುತ್ತದೆ. ಮನುಷ್ಯನನ್ನು ಎತ್ತಿಕೊಂಡರೆ ಸಾಲದು, ಅವನು ಮೊದಲಿನ ಹೊಳಪಿಗೆ ಬರಬೇಕು.

ಆಗ ಬೋಸೊ ನಾವೆಲ್ಲ ಹೇಳುವುದನ್ನೇ ಹೇಳುತ್ತಾನೆ. ಪಶ್ಚಾತ್ತಾಪ, ನೊಂದ ಹೃದಯ, ಉಪವಾಸ, ಮೈಮುರಿದು ದುಡಿಮೆ, ದಾನ, ವಿಧೇಯತೆ, ಇವನ್ನು ಕೊಡುತ್ತೇನೆ ಎಂದು. ಅನ್ಸೆಲ್ಮರ ಉತ್ತರ ಕಠಿಣವಾದುದು. ಪಾಪ ಮಾಡದಿದ್ದರೂ ನೀನು ಇವನ್ನೆಲ್ಲ ದೇವರಿಗೆ ಕೊಡಬೇಕಾಗಿಯೇ ಇತ್ತಲ್ಲ. ಈ ತಿಂಗಳ ಬಾಡಿಗೆ ಕೊಟ್ಟು ಹಳೆಯ ಬಾಕಿ ತೀರಿತೆನ್ನಲಾದೀತೇ? (ಬಾಡಿಗೆಯ ಮಾತು ನಮ್ಮದು, ತಾತ್ಪರ್ಯ ಅವರದೇ.) ಅಲ್ಲದೆ ಪಾಪದ ತೂಕವೆಷ್ಟೆಂದು ನೀನಿನ್ನೂ ಅಳೆದಿಲ್ಲ ಎಂದು ಅವರು ಶಿಷ್ಯನಿಗೆ ಹೇಳುತ್ತಾರೆ. ಒಂದೇ ಒಂದು ನೋಟ; ದೇವರು ಅತ್ತ ನೋಡಬೇಡವೆಂದಿದ್ದಾರೆ. ನೋಡದಿದ್ದರೆ ಇಡೀ ವಿಶ್ವವೇ ನಾಶವಾಗುವುದೆಂದಿಟ್ಟುಕೊಂಡರೂ ನೋಡುವುದು ಸರಿಯೇ? ಬೋಸೊ ಬಹಳ ತಡವರಿಸಿ, ಸರಿಯಲ್ಲವೆಂದು ಒಪ್ಪುತ್ತಾನೆ. ಹಾಗಿದ್ದರೆ ಅಂಥ ಒಂದು ನೋಟಕ್ಕೆ ಪರಿಹಾರವು ವಿಶ್ವಕ್ಕಿಂತ ದೊಡ್ಡದಾಗಿರಬೇಕು.

ಗ್ರಂಥದ ತಿರುಳು ಇಲ್ಲಿಂದ ಬಿಚ್ಚಿಕೊಳ್ಳುತ್ತದೆ. ಕೊಡಬೇಕಾದವನು ಮನುಷ್ಯ, ಅವನಲ್ಲಿ ಕೊಡಲು ಏನೂ ಇಲ್ಲ. ಕೊಡಬಲ್ಲವರು ದೇವರೊಬ್ಬರೇ, ಅವರು ಕೊಡಬೇಕಾದವರಲ್ಲ. ಆದುದರಿಂದ ಕೊಡುವಾತನು ದೇವರೂ ಮನುಷ್ಯನೂ ಆಗಿರಬೇಕು. ಕ್ರಿಸ್ತರು ನಿಷ್ಪಾಪಿ, ಸಾವು ಅವರ ಸಾಲವಲ್ಲ. ಯಾರೂ ಅವರಿಂದ ಅದನ್ನು ಕೇಳುವಂತಿರಲಿಲ್ಲ. ತಂದೆಯು ಒಲ್ಲದ ಮಗನನ್ನು ಸಾವಿಗೆ ದೂಡಲಿಲ್ಲ ಎಂದು ಅನ್ಸೆಲ್ಮ್ ಒತ್ತಿ ಒತ್ತಿ ಹೇಳುತ್ತಾರೆ. ಸತ್ಯ ನ್ಯಾಯಗಳನ್ನು ಬಿಡದೆ ಹಿಡಿದುದಕ್ಕಾಗಿ ಬಂದ ಸಾವನ್ನು ಮಗನು ಸ್ವಇಚ್ಛೆಯಿಂದ ಒಪ್ಪಿಕೊಂಡನು. ಕೊಡಬೇಕಾಗಿರದಿದ್ದುದನ್ನು ಕೊಟ್ಟ ಕಾರಣಕ್ಕೇ ಅದು ಕೊಡುಗೆ. ದೇವ-ಮಾನವನ ಆ ಪ್ರಾಣವು ಲೋಕದ ಪಾಪಗಳೆಲ್ಲವನ್ನೂ ಒಟ್ಟುಮಾಡಿದರೂ ಅವಕ್ಕಿಂತ ಹೆಚ್ಚು ತೂಗುತ್ತದೆ. ಇಷ್ಟು ದೊಡ್ಡ ಕೊಡುಗೆಗೆ ಪ್ರತಿಫಲ ಸಲ್ಲಬೇಕಲ್ಲವೇ? ತಂದೆಗೆ ಸೇರಿದ್ದೆಲ್ಲವೂ ಮಗನದೇ ಆಗಿರುವಾಗ ಅವನಿಗೆ ಬೇಕಾದುದೇನೂ ಇಲ್ಲ. ಆ ಪ್ರತಿಫಲವನ್ನು ಸಾಲದಲ್ಲಿ ಮುಳುಗಿರುವ ತನ್ನ ಬಂಧುಗಳ ಹೆಸರಿಗೆ, ನಮ್ಮ ಹೆಸರಿಗೆ, ಮಗನು ಬರೆದುಕೊಟ್ಟನು.

ಇದರಲ್ಲಿ ಶಿಕ್ಷೆಯ ಮಾತೆಲ್ಲಿದೆ? ಶಿಕ್ಷೆಯಾಗಬೇಕು ಅಥವಾ ಪರಿಹಾರ ಸಲ್ಲಬೇಕು, ಎರಡರಲ್ಲೊಂದು ಎಂಬುದು ಅನ್ಸೆಲ್ಮರ ವಾದ. ಕ್ರಿಸ್ತರು ಪರಿಹಾರ ಸಲ್ಲಿಸಿದ್ದರಿಂದಲೇ ಶಿಕ್ಷೆಯ ಪ್ರಶ್ನೆ ಉಳಿಯಲಿಲ್ಲ. ನಮ್ಮ ಬದಲು ಕ್ರಿಸ್ತರನ್ನು ತಂದೆಯು ದಂಡಿಸಿದರೆಂಬ ಬೋಧನೆಗೆ ರೂಪ ಬಂದದ್ದು ಬಹಳ ಈಚೆಗೆ, 16ನೇ ಶತಮಾನದ ಸುಧಾರಕರ ಬರಹಗಳಲ್ಲಿ. ಕನ್ನಡದ ಪರಿಹಾರ ಎಂಬ ಮಾತು ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ನೆರೆಯಿಂದ ಬೆಳೆ ಕಳೆದುಕೊಂಡವನಿಗೆ ಸಿಗುವುದೂ ಪರಿಹಾರ, ಪಾಪಕ್ಕೆ ಆಗುವುದೂ ಪರಿಹಾರ. ಹಾಳಾದುದನ್ನು ತುಂಬಿಕೊಡುವುದೇ ಎರಡರಲ್ಲೂ ಇರುವ ಅರ್ಥ. ಹೊಡೆತದ ಅರ್ಥ ಎರಡರಲ್ಲೂ ಇಲ್ಲ.

ಅನ್ಸೆಲ್ಮರ ವಿಚಾರವನ್ನು ಎಲ್ಲರೂ ಹಾಗೆಯೇ ಒಪ್ಪಿದರೆಂದಲ್ಲ. ಸಾಲ, ಗೌರವ, ಒಡೆಯ ಎಂಬ ಮಾತುಗಳಲ್ಲಿ ಅವರ ಕಾಲದ ಜಹಗೀರುದಾರಿ ಸಮಾಜದ ನೆರಳಿದೆ ಎಂದು ಆಕ್ಷೇಪಿಸಿದವರುಂಟು, ಅದರಲ್ಲಿ ಹುರುಳಿಲ್ಲದಿಲ್ಲ. ಮುಂದಿನ ತಲೆಮಾರಿನ ಪೀಟರ್ ಅಬೆಲಾರ್ಡ್, ಶಿಲುಬೆಯು ನಮ್ಮಲ್ಲಿ ಪ್ರೀತಿಯನ್ನು ಹೊತ್ತಿಸುವುದೇ ಮುಖ್ಯವೆಂದರು. 13ನೇ ಶತಮಾನದ ಸಂತ ಥಾಮಸ್ ಅಕ್ವೀನಾಸರು ಪರಿಹಾರದ ವಿಚಾರವನ್ನು ಸ್ವೀಕರಿಸಿಯೂ, ದೇವರಿಗೆ ಬೇರೆ ದಾರಿಯೇ ಇರಲಿಲ್ಲವೆನ್ನಲಾಗದು, ಇದು ಅತ್ಯಂತ ಉಚಿತವಾದ ದಾರಿಯಾಗಿತ್ತು ಎಂದು ತಿದ್ದಿದರು. ಕ್ರಿಸ್ತರು ತಮ್ಮ ಪಾಡುಗಳಿಂದ ನಮಗಾಗಿ ತಂದೆಗೆ ಪರಿಹಾರ ಸಲ್ಲಿಸಿದರೆಂದು ಟ್ರೆಂಟ್ ಮಹಾಸಭೆಯು 1547ರಲ್ಲಿ ಬೋಧಿಸಿತು. ಯಾವುದೇ ಒಬ್ಬ ಪಂಡಿತರ ವಿವರಣೆಯನ್ನು ಪೂರ್ತಿಯಾಗಿ ವಿಶ್ವಾಸಸತ್ಯವೆಂದು ಧರ್ಮಸಭೆ ಸಾರಿಲ್ಲ. ಅನ್ಸೆಲ್ಮರೂ ತಮ್ಮ ತರ್ಕದಿಂದ ರಹಸ್ಯವೆಲ್ಲ ಬರಿದಾಯಿತೆಂದು ಹೇಳಿಕೊಂಡವರಲ್ಲ. ಗ್ರಂಥ ಮುಗಿದ ಮರುವರ್ಷವೇ, ಲಿಯೋನ್ ನಗರದಲ್ಲಿದ್ದಾಗ, ಅದೇ ವಿಷಯವನ್ನು ಅವರು ಧ್ಯಾನವಾಗಿ ಬರೆದರು. ಸಂವಾದ ಓದಲು ಕಷ್ಟವೆನಿಸಿದವರು ಆ ಧ್ಯಾನವನ್ನು ಓದಿದರೆ ಸಾಕು. ತಾರ್ಕಿಕನು ಅಲ್ಲಿ ಮಂಡಿಯೂರಿದ್ದಾನೆ.

ಬರೆದುದನ್ನು ಬಾಳುವ ಪ್ರಸಂಗವೂ ಬಂತು. 1098ರ ಅಕ್ಟೋಬರಿನಲ್ಲಿ ಬಾರಿ ನಗರದಲ್ಲಿ ಸೇರಿದ ಸಭೆಯಲ್ಲಿ ರೂಫಸ್‌ನನ್ನು ಧರ್ಮಸಭೆಯಿಂದ ಬಹಿಷ್ಕರಿಸುವ ಮಾತು ಬಂದಿತು. ಸಭೆಯೆಲ್ಲ ಅದಕ್ಕೆ ಸಿದ್ಧವಾಗಿತ್ತು. ಆಸ್ತಿ ಕಳೆದುಕೊಂಡು, ದೇಶಭ್ರಷ್ಟರಾಗಿದ್ದ ಅನ್ಸೆಲ್ಮರೇ ಎದ್ದು ಜಗದ್ಗುರುಗಳ ಮುಂದೆ ಮಂಡಿಯೂರಿ ಅದನ್ನು ತಡೆದರು. 1100ರ ಆಗಸ್ಟ್ 2ರಂದು ಬೇಟೆಯ ಕಾಡಿನಲ್ಲಿ ಬಾಣ ತಗಲಿ, ಪಶ್ಚಾತ್ತಾಪಕ್ಕೆ ಎಡೆಯಿಲ್ಲದಂತೆ, ರೂಫಸ್ ಸತ್ತ. ಸುದ್ದಿ ಕೇಳಿದ ಅನ್ಸೆಲ್ಮ್ ಬಿಕ್ಕಿಬಿಕ್ಕಿ ಅತ್ತರು. ಅವನು ಹಾಗೆ ಸಾಯುವುದಕ್ಕಿಂತ ತಾವೇ ಸತ್ತಿದ್ದರೆ ಚೆನ್ನಾಗಿತ್ತೆಂದು ಹಲುಬಿದರು. ಜೊತೆಯಲ್ಲಿದ್ದವರಿಗೆ ಆಶ್ಚರ್ಯ.

ಹೊಸ ದೊರೆ ಒಂದನೆಯ ಹೆನ್ರಿ ಅವರನ್ನು ಮರಳಿ ಕರೆಸಿಕೊಂಡ. 1102ರ ವೆಸ್ಟ್‌ಮಿನ್ಸ್ಟರ್ ಸಭೆಯಲ್ಲಿ, ಮನುಷ್ಯರನ್ನು ದನಕರುಗಳಂತೆ ಮಾರುವ ವ್ಯಾಪಾರವನ್ನು ಅನ್ಸೆಲ್ಮ್ ನಿಷೇಧಿಸಿದರು. ಧರ್ಮಾಧ್ಯಕ್ಷರಿಗೆ ಉಂಗುರವನ್ನೂ ಧರ್ಮದಂಡವನ್ನೂ ಕೊಡುವ ಹಕ್ಕು ರಾಜನದೇ ಎಂಬ ವಿವಾದದಲ್ಲಿ 1103ರಿಂದ ಮತ್ತೆ ಮೂರು ವರ್ಷ ಪರದೇಶವಾಸ. 1107ರಲ್ಲಿ ಹೆನ್ರಿ ಆ ಹಕ್ಕನ್ನು ಬಿಟ್ಟುಕೊಟ್ಟ. ಧರ್ಮಾಧ್ಯಕ್ಷರು ತಮ್ಮ ಭೂಮಿಗಾಗಿ ರಾಜನಿಗೆ ನಿಷ್ಠೆ ಸಲ್ಲಿಸುವುದಕ್ಕೆ ಅನ್ಸೆಲ್ಮ್ ಒಪ್ಪಿದರು. 1720ರಲ್ಲಿ ಜಗದ್ಗುರು ಹನ್ನೊಂದನೆಯ ಕ್ಲೆಮೆಂಟರು ಇವರನ್ನು ಧರ್ಮಸಭೆಯ ಆಚಾರ್ಯರೆಂದು ಘೋಷಿಸಿದರು.

ಕೊನೆಯ ಎರಡು ವರ್ಷ ದೇಹ ಕುಗ್ಗುತ್ತ ಬಂತು. ನಡೆಯಲಾಗದೆ ಹೋದಾಗ ದಿನವೂ ಬಲಿಪೂಜೆಗೆ ಹೊತ್ತುಕೊಂಡು ಹೋಗುತ್ತಿದ್ದರು. 1109ರ ಗರಿಗಳ ಭಾನುವಾರದಂದು ಸುತ್ತ ಕುಳಿತ ಸನ್ಯಾಸಿಗಳು, ಪಾಸ್ಖ ಹಬ್ಬಕ್ಕೆ ತಾವು ಒಡೆಯರ ಆಸ್ಥಾನಕ್ಕೆ ಹೊರಡುವಂತಿದೆ ಎಂದರು. ಅದು ದೇವರ ಚಿತ್ತವಾದರೆ ಸಂತೋಷವೇ, ಆದರೆ ಆತ್ಮದ ಮೂಲವನ್ನು ಕುರಿತ ಪ್ರಶ್ನೆಯೊಂದನ್ನು ಯೋಚಿಸುತ್ತಿದ್ದೇನೆ, ಅದು ಬಗೆಹರಿಯುವವರೆಗೆ ಇರಗೊಟ್ಟರೆ ಕೃತಜ್ಞನಾಗುತ್ತೇನೆ, ನಾನು ಹೋದ ಮೇಲೆ ಅದನ್ನು ಬಿಡಿಸುವವರಿದ್ದಾರೋ ಇಲ್ಲವೋ ಎಂದು ಅನ್ಸೆಲ್ಮ್ ಉತ್ತರಿಸಿದರು. ಮಂಗಳವಾರ ಸಂಜೆಗೆ ಮಾತು ನಿಂತಿತು. ಬುಧವಾರ, ಏಪ್ರಿಲ್ 21ರ ನಸುಕಿನಲ್ಲಿ, ಸನ್ಯಾಸಿಗಳು ದೇವಾಲಯದಲ್ಲಿ ಪ್ರಾತಃಸ್ತುತಿ ಹಾಡುತ್ತಿರುವಾಗ, ಬಳಿಯಲ್ಲಿದ್ದ ಒಬ್ಬರು ಅಂದಿನ ಪಾಡುಗಳ ಶುಭಸಂದೇಶವನ್ನು ಗಟ್ಟಿಯಾಗಿ ಓದತೊಡಗಿದರು. ಕಡೆಯ ಭೋಜನದಲ್ಲಿ ಯೇಸುಸ್ವಾಮಿಯವರು, ಕಷ್ಟಗಳಲ್ಲಿ ತಮ್ಮೊಡನೆ ನಿಂತ ಶಿಷ್ಯರಿಗೆ ತಮ್ಮ ರಾಜ್ಯದಲ್ಲಿ, ತಮ್ಮದೇ ಮೇಜಿನಲ್ಲಿ ಉಣ್ಣುವ ವಾಗ್ದಾನ ನೀಡುವ ಭಾಗ ಬರುವಷ್ಟರಲ್ಲಿ ಅನ್ಸೆಲ್ಮರ ಉಸಿರು ನಿಧಾನವಾಯಿತು. ಮಠದ ಪದ್ಧತಿಯಂತೆ ಅವರನ್ನು ಹಾಸಿಗೆಯಿಂದ ಇಳಿಸಿ, ನೆಲದ ಮೇಲೆ ಹಾಸಿದ ಗೋಣಿತಟ್ಟು ಮತ್ತು ಬೂದಿಯ ಮೇಲೆ ಮಲಗಿಸಿದರು. ಬೆಳಕು ಹರಿಯುವ ಹೊತ್ತಿಗೆ ಪ್ರಾಣ ಹೋಯಿತು.